ಸ್ವಾತಂತ್ರ್ಯದ ಪಹಣಿ

ಸೆಪ್ಟೆಂಬರ್ ಬಂತೆಂದರೆ ವಾಡಿ ಜಂಕ್ಷನ್ನಿನ ಎದುರಿನ ಚಾದಂಗಡಿಯಲ್ಲಿ ಸ್ವಾತಂತ್ರ್ಯದ ಸರ್ವೆ ಶುರುವಾಗುತ್ತದೆ. ದೇಶಕ್ಕೆ 1947ರ ಆಗಸ್ಟ್ 15ರಂದು ಸಿಕ್ಕಿದ್ದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗೆ ಮುಟ್ಟಲು 1948ರ ಸೆಪ್ಟೆಂಬರ್ 17 ಆಯಿತು. ಹದಿಮೂರು ತಿಂಗಳು ಲೇಟು. ಪ್ಯಾಸೆಂಜರ್ ಗಾಡಿಗೆ ಕಾದು ರೂಢಿಯಾದ ನಮಗೆ ಅದೇನೂ ಹೆಚ್ಚಲ್ಲ. ಆದರೆ ಬಂದದ್ದನ್ನು ಜಾತಿವಾರು ಹಿಸ್ಸಾ ಮಾಡುವ ಕೆಲಸ ಇಂದಿಗೂ ಮುಗಿದಿಲ್ಲ.

ಮೊನ್ನೆ ನಮ್ಮ ಕಾಕಾ ಅದೇ ಕೆಲಸದಲ್ಲಿದ್ದರು. "ಎಲ್ಲಾರ ಪಾಲೂ ಬರದೀನಿ. ಈ ಕ್ಯಾಥೋಲಿಕ್ ಮಂದೀದು ಏನರ ಅದ ಏನು?" ಗುಲ್ಬರ್ಗ ಧರ್ಮಪ್ರಾಂತ್ಯ ಹುಟ್ಟಿದ್ದು 2005ರಲ್ಲಿ ಎಂಬುದು ಅವರಿಗೆ ಹೇಗೋ ತಿಳಿದಿತ್ತು. "ಹೋರಾಟ ಮುಗದ ಐವತ್ತೇಳು ವರ್ಷಕ್ಕ ಬಂದಾರ. ಪಾಲು ಹ್ಯಾಂಗ ಕೊಡೂದು?"

"ಗೋವಾದ ಉತಾರ ತೆಗಸ್ರಿ ಕಾಕಾ," ಎಂದೆ.

ಅಲ್ಲಿ ಆಳುವವನದೂ ಅದೇ ಶಿಲುಬೆ, ಆಳಿಸಿಕೊಳ್ಳುವ ಕ್ಯಾಥೋಲಿಕನದೂ ಅದೇ ಶಿಲುಬೆ. ಕಾಕಾರ ಲೆಕ್ಕದಂತೆ ಅವರು ಪೋರ್ಚುಗೀಸರ ಕಾಲೊತ್ತುತ್ತ ಕೂಡಬೇಕಿತ್ತು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರನೂ ಹಾಗೆಯೇ ನಂಬಿದ್ದ, ಲೆಕ್ಕ ತಪ್ಪಿತು. 1946ರ ಜೂನ್ 18ರಂದು ಮಡಗಾಂವದಲ್ಲಿ ಸಮಾಜವಾದಿ ನಾಯಕ ಲೋಹಿಯಾ ಸಭೆ ನಿಷೇಧದ ಕಾನೂನು ಮುರಿದರಲ್ಲ, ಅವರು ಅತಿಥಿಯಾಗಿ ಇಳಿದಿದ್ದದ್ದು ಅಸೋಳ್ಣಾದ ಡಾ. ಜುಲಿಯಾಂವ್ ಮಿನೇಜಸ್ ಮನೆಯಲ್ಲಿ. ಅದೇ ವರ್ಷ ಗೋವಾದ ಹೋರಾಟಗಾರ ಟಿ.ಬಿ. ಕುನ್ಹಾ ಅವರಿಗೆ ಎಂಟು ವರ್ಷದ ಶಿಕ್ಷೆ ಕೊಟ್ಟು, ಹಡಗು ಹತ್ತಿಸಿ, ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ ತಳ್ಳಿದರು. ಲಿಬಿಯಾ ಲೋಬೊ 1955ರಿಂದ ಗಡಿಯ ಕಾಡಿನಲ್ಲಿ ಕೂತು ಗೋವಾ ವಿಮೋಚನೆಯ ರಹಸ್ಯ ರೇಡಿಯೊ ನಡೆಸಿದರು. ಅದರ ಒಂದು ನೆಲೆ ನಮ್ಮದೇ ಉತ್ತರ ಕನ್ನಡದ ಕ್ಯಾಸಲ್‌ರಾಕ್.

ಕಾಕಾ ಬೀಡಿ ಆರಿಸಿದರು. "ಅದು ಗೋವಾದ ಸರ್ವೆ ನಂಬರು. ನಮ್ಮ ಶಿವಾರದ್ದು ಹೇಳ್ರಿ."

ನಮ್ಮ ಶಿವಾರದ ಹದ್ದುಬಸ್ತು ಇನ್ನೂ ತೊಡಕು. ಹೈದರಾಬಾದ್ ಭಾರತಕ್ಕೆ ಸೇರಲಿ ಎಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕನ ಹೆಸರು ಶೋಯೆಬುಲ್ಲಾ ಖಾನ್. ನಿಜಾಮನ ಪರದ ಖಾಸಗಿ ಪಡೆ ರಜಾಕಾರರು ಮೆರೆಯುತ್ತಿದ್ದಾಗ ನಿಜಾಮನ ಪ್ರಧಾನಿ ಲಾಯಕ್ ಅಲಿಯ ಮಂತ್ರಿಮಂಡಲದಲ್ಲಿ ಉಪಪ್ರಧಾನಿಯಾಗಿದ್ದವರ ಹೆಸರು ಪಿಂಗಲಿ ವೆಂಕಟರಾಮ ರೆಡ್ಡಿ. ಯಾರನ್ನು ಯಾವ ಹಿಸ್ಸಾಕ್ಕೆ ಹಾಕುವಿರಿ? ಇನ್ನು ಸೋತ ನಿಜಾಮನಂತೂ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖ! ಜಮೀನು ಹೋದರೂ ಕಟ್ಟೆಯ ಮೇಲಿನ ಕುರ್ಚಿ ಹೋಗಲಿಲ್ಲ.

ಕಾಕಾರ ಅಜ್ಜ ನಿಜಾಮನ ಕಾಲದ ಮಾಲಿಪಾಟೀಲರು. ಸೆಪ್ಟೆಂಬರ್ 16ರವರೆಗೂ ಲೇವಿ ಧಾನ್ಯ ಅಳೆಸಿದವರು, 18ಕ್ಕೆ ಭಾರತದ ಮಿಲಿಟರಿ ಗಾಡಿಗೆ ಹೂಮಾಲೆ ಹಾಕಿದರು. ನಡುವಿನ ಒಂದು ದಿನ ಟೋಪಿ ಹೊಲಿಸಲು ಬೇಕಾಯಿತಂತೆ. ಈ ಕತೆಯನ್ನು ಕಾಕಾರೇ ಹೆಮ್ಮೆಯಿಂದ ಹೇಳುತ್ತಾರೆ. ಆ ಒಂದು ಹೂಮಾಲೆಯ ಮೇಲೆ ಮನೆತನದ ಹೆಸರು ಕಬ್ಜೆದಾರರ ಕಾಲಂನಲ್ಲಿ ಏರಿದೆ.

ಹಾಗೆ ನೋಡಿದರೆ ತನ್ನ ದೇವರನ್ನೇ ಪೂಜಿಸುವ ದೊರೆಗೆ "ನೀನು ಸರಿಯಿಲ್ಲ" ಎಂದ ಕುನ್ಹಾ, ಶೋಯೆಬುಲ್ಲಾ ಇಬ್ಬರದೂ ಒಂದೇ ಜಾತಿ. ಆ ಜಾತಿಗೆ ಸಂಘವಿಲ್ಲ, ಸಮುದಾಯ ಭವನವಿಲ್ಲ, ಚುನಾವಣೆಯಲ್ಲಿ ಟಿಕೆಟ್ಟಿಲ್ಲ. ಆದ್ದರಿಂದ ಕಾಕಾರ ಪಹಣಿಯಲ್ಲಿ ಅದಕ್ಕೆ ಗೆರೆಯೇ ಇಲ್ಲ.

"ಪಹಣಿಯೊಳಗ ಋಣದ ಕಾಲಂ ಒಂದು ಇರ್ತದಲ್ಲ ಕಾಕಾ," ಎಂದೆ. "ಎಲ್ಲಾರೂ ಕಬ್ಜೆದಾರರಾದ್ರಿ. ಅದನ್ನ ಯಾರೂ ತುಂಬಿಲ್ಲಲ್ಲ?"

ಕಾಕಾ ಉಳಿದ ಚಾ ಕುಡಿದು ಎದ್ದರು.

"ಅದು ಖಾಲಿ ಇದ್ದರಽ ಚಲೋ ಬಿಡ್ರಿ. ಸೊಸೈಟಿಯವರು ಹೊಸ ಸಾಲ ಕೊಡ್ತಾರ."