ಕುರಿ ಕಾಯೋಕೆ ಹೋಗು, ಐವತ್ತು ಲಕ್ಷ ತಗೊಂಡು ಬಾ

2025ರ ಜನವರಿ 26ರ ರಾತ್ರಿ ಬಿಗ್ ಬಾಸ್ ಕನ್ನಡ ಹನ್ನೊಂದನೇ ಸೀಸನ್ನಿನ ವೇದಿಕೆಯಲ್ಲಿ ನಿರೂಪಕ ಸುದೀಪ್ ಅವರು ಕುರಿಗಾಹಿ ಹಾಡುಗಾರ ಹನುಮಂತ ಲಮಾಣಿಯವರ ಕೈ ಎತ್ತಿ ಐವತ್ತು ಲಕ್ಷದ ಗೆಲುವು ಸಾರಿದ್ದೇ ತಡ, ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮ ಕಂದಿಕೆರೆ ಸೀಮೆಯ ಅಪ್ಪಂದಿರು ತಲೆಮಾರುಗಳಿಂದ ಬಳಸಿಕೊಂಡು ಬಂದ ಒಂದು ಬೈಗುಳ ಕೆಲಸಕ್ಕೆ ಬಾರದಂತಾಯಿತು. ‘ಓದ್ದೇ ಇದ್ರೆ ಕುರಿ ಕಾಯಕ್ಕೆ ಹೋಗ್ತೀಯ ಕಣ್ಲಾ’ ಅಂದರೆ ಈಗ ಮಗ ತಲೆ ತಗ್ಗಿಸುವುದಿಲ್ಲ. ‘ಎಷ್ಟು ಕುರಿ ಕೊಡಿಸ್ತೀಯಪ್ಪ?’ ಅಂತಾನೆ. ಮಗ್ಗಿ ಬಾರದವನಿಗೂ ಐವತ್ತು ಲಕ್ಷಕ್ಕೆ ಎಷ್ಟು ಸೊನ್ನೆ ಅನ್ನುವುದು ಗೊತ್ತು.

ಹನುಮಂತ ಅವರ ಮೇಲೆ ನನ್ನ ತಕರಾರಿಲ್ಲ. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯಿಂದ ಲುಂಗಿಯಲ್ಲೇ ಬಂದು ಸರಿಗಮಪ ಹಾಡಿನ ಸ್ಪರ್ಧೆಯಲ್ಲಿ ರನ್ನರ್ ಅಪ್ ಆದವರು. ಬಿಗ್ ಬಾಸ್ ಮನೆಗೆ ವೈಲ್ಡ್ ಕಾರ್ಡಿನಲ್ಲಿ ತಡವಾಗಿ ಹೊಕ್ಕು, ಮೊದಲ ದಿನದಿಂದ ಕಿರುಚಾಡಿಕೊಂಡಿದ್ದವರನ್ನೆಲ್ಲ ದಾಟಿ ಗೆದ್ದವರು. ಗೆಲ್ಲಲಿ. ಅಂದಹಾಗೆ ನಾನು ಅವರನ್ನು ‘ಅವರು’ ಅನ್ನುತ್ತಿರುವುದು ಓದುಗರಿಗೆ ವಿಚಿತ್ರವಾಗಿ ಕೇಳಿಸಬಹುದು. ಟಿವಿಯಲ್ಲಿ ಹಳ್ಳಿಯವನು ಗೆದ್ದರೂ ಏಕವಚನ, ಸೋತರೂ ಏಕವಚನ. ನಾಲ್ಕು ಧಾರಾವಾಹಿಯಲ್ಲಿ ಅತ್ತವರು ಮಾತ್ರ ‘ಸರ್’, ‘ಮೇಡಂ’.

ಅವರಿಗೆ ಬಿದ್ದ ವೋಟು 5 ಕೋಟಿ 23 ಲಕ್ಷಕ್ಕೂ ಹೆಚ್ಚಂತೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ಕರ್ನಾಟಕದ ಮತದಾರರೇ ಸುಮಾರು 5 ಕೋಟಿ 30 ಲಕ್ಷ. ಅದರಲ್ಲಿ ಬೂತಿಗೆ ಬಂದವರು ಶೇ 73. ಅಂದರೆ ಸರ್ಕಾರ ಆರಿಸಲು ನಾಲ್ಕು ಕೋಟಿ ಜನವೂ ಮೈಮುರಿದು ಏಳಲಿಲ್ಲ, ಒಬ್ಬ ಹಾಡುಗಾರನನ್ನು ಆರಿಸಲು ಐದು ಕೋಟಿ ದಾಟಿತು. ರನ್ನರ್ ಅಪ್ ತ್ರಿವಿಕ್ರಮ್ ಅವರ ವೋಟು ಬೇರೆ ಲೆಕ್ಕ. ಇದರ ಗುಟ್ಟು ಎಲ್ಲರಿಗೂ ಗೊತ್ತು: ಒಂದೇ ಬೆರಳು ಫೋನಿನಲ್ಲಿ ಮತ್ತೆ ಮತ್ತೆ ಒತ್ತಬಹುದು. ಮತಗಟ್ಟೆಯಲ್ಲಿ ಹಾಗೆ ಒತ್ತಿದರೆ ಕೇಸು. ಇಲ್ಲಿ ಒತ್ತಿದರೆ ಅಭಿಮಾನ. ಅದೂ ಗಣರಾಜ್ಯೋತ್ಸವದ ದಿನ.

ಮತಗಟ್ಟೆ ಬಿಟ್ಟರೆ ಒಬ್ಬನಿಗೆ ಒಂದೇ ಹೆಬ್ಬೆಟ್ಟು ಅನ್ನುವ ನಿಯಮ ಕಟ್ಟುನಿಟ್ಟಾಗಿ ಉಳಿದದ್ದು ಕೊಬ್ಬರಿ ಖರೀದಿಗೆ ಮಾತ್ರ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿನಲ್ಲಿ ಹರಾಜು ಕೂಗಿದರು. ಮರುವರ್ಷ ಕೇಂದ್ರದ 12,000ಕ್ಕೆ ರಾಜ್ಯ 1,500 ಸೇರಿಸಿ ನಾಫೆಡ್ ಮೂಲಕ ಕೊಳ್ಳುತ್ತೇವೆ ಅಂದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತರು ನೋಂದಣಿಗೆ ರಾತ್ರಿಯೇ ಹೋಗಿ ಸಾಲು ನಿಂತರು. ಅಷ್ಟರಲ್ಲಿ ಅಕ್ರಮದ ಗುಲ್ಲೆದ್ದು ನೋಂದಣಿಯೇ ರದ್ದಾಯಿತು. ಮತ್ತೆ ಮೊದಲಿಂದ ಸಾಲು, ಈ ಸಲ ಬಯೋಮೆಟ್ರಿಕ್. ಗೇಯ್ದು ಗೇಯ್ದು ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೆ ಒರೆಸಿ ಒರೆಸಿ ಮತ್ತೆ ಇಡಬೇಕು. ಅದೇ ವರ್ಷ ಜನವರಿ 28ಕ್ಕೆ ಬಿಗ್ ಬಾಸ್ ಹತ್ತನೇ ಸೀಸನ್ನಿನ ಫಿನಾಲೆ. ಆ ವೋಟಿಗೆ ಸಾಲೂ ಇಲ್ಲ, ಪಹಣಿಯೂ ಬೇಡ, ಸರ್ವರ್ರೂ ಕೈಕೊಡಲಿಲ್ಲ.

ಬಹುಮಾನದ ಹಣದ ಬಗ್ಗೆ ಒಂದು ಮಾತು. ಇಂಥ ಗೆಲುವಿನ ದುಡ್ಡಿಗೆ ಶೇ 30ರಷ್ಟು ಆದಾಯ ತೆರಿಗೆ. ಐವತ್ತು ಲಕ್ಷದಲ್ಲಿ ಹದಿನೈದು ಲಕ್ಷ ಕೇಂದ್ರ ಸರ್ಕಾರವೇ ಗೆದ್ದುಕೊಂಡಿತು, ಒಂದು ವಾರವೂ ನಾಮಿನೇಟ್ ಆಗದೆ.

ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ತಾನಾಗಿ ಅಲ್ಲಾಡುವವರೆಗೆ ಯಾರೂ ಮುಟ್ಟುವುದಿಲ್ಲ. ಬಿಗ್ ಬಾಸ್ ಅಟ್ಟದಲ್ಲಿ ಅಷ್ಟು ತಾಳ್ಮೆ ಎಲ್ಲಿ? ಮನುಷ್ಯರನ್ನು ಕೂಡಿಹಾಕಿ ನಾಲ್ಕೇ ತಿಂಗಳು. ಅದರಲ್ಲೂ ವಾರಕ್ಕೊಂದನ್ನು ಒಡೆದು ನೋಡಿ, ಇನ್ನೂ ಹಸಿ ಅಂತ ಹೊರಗೆಸೆಯುತ್ತಾರೆ.

ಫಿನಾಲೆಯ ರಾತ್ರಿ ನನಗೆ ತೀ.ನಂ.ಶ್ರೀ. ನೆನಪಾದರು. ನಮ್ಮದೇ ತಾಲ್ಲೂಕಿನ ತೀರ್ಥಪುರದವರು, ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ರಸ ಎಂದರೇನು ಅಂತ ಕನ್ನಡಕ್ಕೆಲ್ಲ ತಿಳಿಹೇಳಿದವರು. ಅವರು ಇದ್ದಿದ್ದರೆ ಹೊಸದೊಂದು ಅಧ್ಯಾಯ ಸೇರಿಸಬೇಕಾಗುತ್ತಿತ್ತು. ರಸದ ಲೆಕ್ಕದಲ್ಲಿ ಸುದೀಪ್ ಅವರ ಕೋಟು ವಿಭಾವ. ಮುಂದಿನ ಸಾಲಿನಲ್ಲಿ ಕೂರಿಸಿದ ಅಮ್ಮಂದಿರ ಕಣ್ಣೀರು ಅನುಭಾವ. ಬಂದು ಬಂದು ಹೋಗುವ ಜಾಹೀರಾತು ಸಂಚಾರಿ. ಸ್ಥಾಯಿ ಮಾತ್ರ ಟಿಆರ್‌ಪಿ. ಸುದೀಪ್ ಅವರು ಕೊನೆಯ ಇಬ್ಬರ ಕೈ ಹಿಡಿದು ನಿಂತು, ಎತ್ತುವ ಹೊತ್ತಿಗೆ ‘ಒಂದು ಬ್ರೇಕ್ ನಂತರ’ ಅಂದಾಗ ಸಹೃದಯರು ಎದ್ದು ಹೋಗಿ ಮೋಟರು ಆನ್ ಮಾಡಿಕೊಂಡು ಬಂದರು. ಥ್ರೀ ಫೇಸ್ ಕರೆಂಟು ಯಾವ ಫಿನಾಲೆಗೂ ಕಾಯುವುದಿಲ್ಲ.

ಬಿಗ್ ಬಾಸ್ ಮನೆಗೆ ಮಣ್ಣಿನ ವಾಸನೆ ಬಹಳ ಇಷ್ಟ, ಮಣ್ಣಲ್ಲ. ಆರನೇ ಸೀಸನ್ನಿನಲ್ಲಿ ‘ಮಾಡರ್ನ್ ರೈತ’ ಅಂತ ಶಶಿಕುಮಾರ್ ಗೆದ್ದರು. ಎಂಟನೆಯದರಲ್ಲಿ ನಮ್ಮ ಜಿಲ್ಲೆಯ ಮಂಜು ಪಾವಗಡ. ಪಾವಗಡ ನಮ್ಮ ಜಿಲ್ಲೆ ಅನ್ನುವುದು ಎಷ್ಟೋ ಜನಕ್ಕೆ ನೆನಪಾದದ್ದು ಆವತ್ತೇ. ಅದಕ್ಕೂ ಹಿಂದೆ, ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ಅನ್ನುವ ಬೇರೊಂದು ಟಿವಿ ಆಟ ನಡೆದಿತ್ತು. ಎಚ್.ಡಿ. ಕೋಟೆ ಕಾಡಂಚಿನ ಹಾಡಿಯ ರಾಜೇಶ್ ಅದನ್ನು ಗೆದ್ದರು. ಎಷ್ಟು ಮುಗ್ಧ, ಎಷ್ಟು ಮುಗ್ಧ ಅಂತ ರಾಜ್ಯವೇ ನಕ್ಕು ಚಪ್ಪಾಳೆ ತಟ್ಟಿತು. ಸಿನಿಮಾಕ್ಕೂ ಕರೆದೊಯ್ದರು. 2013ರಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡರು. ಚಪ್ಪಾಳೆ ತಟ್ಟಿದವರು ಅಷ್ಟರಲ್ಲಿ ಚಾನೆಲ್ ಬದಲಿಸಿದ್ದರು; ಬಿಗ್ ಬಾಸ್ ಕನ್ನಡ ಶುರುವಾದದ್ದೂ ಅದೇ ವರ್ಷ.

ಇನ್ನು ಕುರಿ ಕಾಯುವ ಗೊಲ್ಲರ ಹಟ್ಟಿಗಳು ನಮ್ಮ ತಾಲ್ಲೂಕಿನಲ್ಲೇ ಇವೆ. ಅವರನ್ನು ನೋಡಲು ಆ್ಯಪ್ ಬೇಕಿಲ್ಲ. ಆದರೆ ಗೊಬ್ಬರಕ್ಕೆಂದು ತೋಟದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಂಡು, ಬೆಳಗ್ಗೆ ದುಡ್ಡು ಕೊಡುವಾಗ ‘ಏನ್ ಮಹಾ ಪಿಚಿಕೆ ಹಾಕಿದ್ವು ನಿನ್ ಕುರಿ’ ಅಂತ ಚೌಕಾಸಿಗೆ ನಿಲ್ಲುವವರೂ, ಹಿಂದಿನ ರಾತ್ರಿ ಹಾವೇರಿಯ ಕುರಿಗಾಹಿಗಾಗಿ ಬೆರಳು ನೋಯುವಷ್ಟು ವೋಟು ಒತ್ತಿದವರೂ ಒಬ್ಬರೇ. ಪರದೆಯ ಮೇಲಿನ ಕುರಿ ವಾಸನೆ ಬರುವುದಿಲ್ಲ ನೋಡಿ.

ಮದುವೆಯ ವಿಷಯಕ್ಕೆ ಬಂದರಂತೂ ಮುಗಿಯಿತು. ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ ಎರಡು ಲಕ್ಷ ಕೊಡುತ್ತೇವೆ ಅಂತ 2023ರ ಚುನಾವಣೆಯಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಭರವಸೆಯನ್ನೇ ಕೊಡಬೇಕಾಯಿತು. ಈಗಲೂ ನಮ್ಮ ಕಡೆ ಮಾತುಕತೆ ನಡೆಯುವುದು ಹೀಗೆ:

‘ಹುಡ್ಗ ಏನ್ ಮಾಡ್ತವ್ನೆ?’

‘ನಾಲ್ಕೆಕ್ರೆ ತೆಂಗಿನ ತೋಟ ಐತೆ. ನಲವತ್ತು ಕುರಿನೂ ಸಾಕವ್ನೆ.’

‘ಬೆಂಗ್ಳೂರಲ್ಲಿ ಏನೂ ಇಲ್ವಾ?’

‘ಇಲ್ಲ. ಬಿಗ್ ಬಾಸ್‌ಗೆ ಒಂದು ವಿಡಿಯೋ ಕಳಿಸವ್ನೆ.’

‘ಅಯ್ಯೋ, ಅದುನ್ನ ಮೊದ್ಲೇ ಹೇಳ್ಬಾರ್ದಾ ಅಣ್ಣಯ್ಯ? ಜಾತ್ಕ ಕೊಡಿ ಇತ್ಲಾಗೆ.’