ಆಡ್-ಆನ್ ತಮ್ಮ

ಹೊಸಪೇಟೆಯ ಓಣಿ ಓಣಿಗೂ ಒಬ್ಬ ಆಡ್-ಆನ್ ತಮ್ಮ ಇರುತ್ತಾನೆ. ಅಣ್ಣನ ಕ್ರೆಡಿಟ್ ಕಾರ್ಡು ಹಾಕಿದ ಮರಿಯೊಂದು ಇವನ ಪರ್ಸಿನಲ್ಲಿರುತ್ತದೆ. ಕಾರ್ಡಿನ ಮೇಲೆ ಹೆಸರು ಇವನದು, ಬಿಲ್ಲಿನ ಮೇಲೆ ಅಣ್ಣನದು. ಈ ಎರಡನೆಯ ಸಂಗತಿಯನ್ನು ಮಾತ್ರ ಇವನು ಯಾರಿಗೂ ಹೇಳುವುದಿಲ್ಲ.

ಗೆಳೆಯರೊಡನೆ ಊಟಕ್ಕೆ ಕೂತರೆ ಬಿಲ್ಲು ಬರುವ ಮೊದಲೇ ಕೈ ಮೇಲೇಳುತ್ತದೆ. “ಬಿಡ್ರಲೇ, ಕಾರ್ಡ್ ಐತಿ!” ಉಜ್ಜುತ್ತಾನೆ. ಹೊರಗೆ ಬಂದು ಬೈಕಿಗೆ ಕಿಕ್ ಹೊಡೆಯುವಾಗ ಮೆಲ್ಲಗೆ, “ತಲಾ ಮುನ್ನೂರು ಫೋನ್‌ಪೇ ಮಾಡ್ರಿ.” ಬಿಲ್ಲು ಅಣ್ಣನಿಗೆ, ಫೋನ್‌ಪೇ ತಮ್ಮನಿಗೆ. ಬೆಂಗಳೂರಿಗೆ ಹೋಗುವುದು ಹಂಪಿ ಎಕ್ಸ್‌ಪ್ರೆಸ್ಸಿನ ಸ್ಲೀಪರಿನಲ್ಲಿ. ದಾರಿಯುದ್ದಕ್ಕೂ ಮಾತು ಏರ್‌ಪೋರ್ಟ್ ಲೌಂಜಿನದು. ನೆಂಟರು ಹಂಪಿ ನೋಡಲು ಬಂದರಂತೂ ಟ್ಯಾಕ್ಸಿಗೂ ಕಾರ್ಡು, ಕಮಲಾಪುರದ ಊಟಕ್ಕೂ ಕಾರ್ಡು. ಅದಕ್ಕೆ ಮಣಿಯದ ಜೀವ ಒಂದೇ, ವಿರೂಪಾಕ್ಷ ಗುಡಿಯ ಆನೆ ಲಕ್ಷ್ಮಿ. ಅವಳ ಆಶೀರ್ವಾದಕ್ಕೆ ನಗದೇ ಆಗಬೇಕು.

ಅಣ್ಣನ ಕಥೆ ಬೇರೆ. ಸಂಡೂರಿನ ಅದಿರು ಹೊತ್ತ ಲಾರಿಗಳ ಕಾಲದಲ್ಲಿ ಎರಡು ಲಾರಿ ಇಟ್ಟವನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗೆ ತಡೆ ಹಾಕಿತು. ಲಾರಿ ನಿಂತವು, ಕಂತು ನಿಲ್ಲಲಿಲ್ಲ. ಕೆಟ್ಟ ಸಿಬಿಲ್ ಎಂದರೇನೆಂದು ಬ್ಯಾಂಕಿನ ಬಾಗಿಲಲ್ಲಿ ನಿಂತು ಕಲಿತ. ಈಗ ತೋರಣಗಲ್ಲಿಗೆ ಲೋಡು ಹೊಡೆಸುತ್ತಾ, ಡ್ಯೂ ಡೇಟನ್ನು ಏಕಾದಶಿಗಿಂತ ಕಟ್ಟುನಿಟ್ಟಾಗಿ ಆಚರಿಸುತ್ತಾನೆ.

ಒಂದು ದಿನ ಈ ತಮ್ಮ ಹೊಸ ಬೈಕಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದ.

“ಮೂರು ವರ್ಷದಿಂದ ಕಾರ್ಡ್ ಐತ್ರೀ, ಒಂದು ಡ್ಯೂ ತಪ್ಪಿಲ್ಲ.”

“ನಿಮ್ಮ ಸಿಬಿಲ್ ಮೈನಸ್ ಒಂದು ಬಂದೈತಲ್ರಿ.”

“ಮೈನಸ್ಸಾ? ಯಾರ ದುಡ್ಡು ತಿಂದೀನ್ರಿ ನಾನು?”

“ತಿಂದ ದಾಖಲೆ ಇಲ್ರಿ. ತೀರಿಸಿದ್ದೂ ಇಲ್ಲ. ಅದಕ್ಕ ಮೈನಸ್ ಒಂದು.”

ಸಿಬಿಲ್ ಅಂಕ 300ರಿಂದ 900ರವರೆಗೆ. ಸಾಲದ ಚರಿತ್ರೆಯೇ ಇಲ್ಲದವನಿಗೆ ಮೈನಸ್ ಒಂದು. ಆಡ್-ಆನ್ ಕಾರ್ಡಿನ ಬಾಕಿಗೆ ಮುಖ್ಯ ಕಾರ್ಡುದಾರನೇ ಹೊಣೆ ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಬರೆದಿಟ್ಟಿದೆ. ಹೊಣೆ ಯಾರದೋ ಲೆಕ್ಕ ಸಾಮಾನ್ಯವಾಗಿ ಅವರ ವರದಿಯಲ್ಲೇ. ಅದೇ ತಮ್ಮ ಯಾರಿಗಾದರೂ ಜಾಮೀನು ಹಾಕಿದ್ದರೆ ಆ ಸಾಲ ಇವನ ವರದಿಗೂ ಹತ್ತುತ್ತಿತ್ತು. ಆದರೆ ಜಾಮೀನು ಹಾಕುವಷ್ಟು ದಡ್ಡ ಇವನಲ್ಲ.

ಡಲ್ಲಾಸಿನಲ್ಲಿರುವ ದೊಡ್ಡಪ್ಪನ ಮಗ ಗಾಯಕ್ಕೆ ಉಪ್ಪು ಸವರಿದ. ಅಮೆರಿಕದಲ್ಲಿ ಹೀಗೆ ಇನ್ನೊಬ್ಬರ ಕಾರ್ಡು ಬಳಸುವವನ ವರದಿಯಲ್ಲೂ ಆ ಖಾತೆ ಮೂಡುತ್ತದಂತೆ, ವಿರೂಪಾಕ್ಷ ಗುಡಿಯೊಳಗೆ ಗೋಪುರದ ನೆರಳು ಮೂಡುವ ಹಾಗೆ. “ಅಲ್ಲಾಗಿದ್ರ ನನ್ನ ಸ್ಕೋರು ಏಳುನೂರು ದಾಟತಿತ್ತು” ಎಂದು ಅಂದಿನಿಂದ ಮಿರ್ಚಿ ಅಂಗಡಿಯ ಮುಂದೆ ಭಾಷಣ. ಆ ನೆರಳು ತಲೆಕೆಳಗಾಗಿ ಬೀಳುತ್ತದೆ ಎಂಬುದನ್ನು ನುಂಗಿಬಿಡುತ್ತಾನೆ: ಅಲ್ಲಿ ಅಣ್ಣ ಕಂತು ತಪ್ಪಿಸಿದರೆ ತಮ್ಮನ ಅಂಕವೂ ಕುಸಿಯಬಹುದು.

ಇಲ್ಲಿ ಕುಸಿದದ್ದು ಅಣ್ಣನದು. ಇಬ್ಬರ ಕಾರ್ಡಿಗೂ ಮಿತಿ ಒಂದೇ. ಅದರ ಮೂವತ್ತು ಪರ್ಸೆಂಟ್ ದಾಟಬೇಡಿ ಎಂಬುದು ಬ್ಯಾಂಕಿನವರ ಬುದ್ಧಿಮಾತು. ತಮ್ಮ ತೊಂಬತ್ತಕ್ಕೆ ಒಯ್ದು ನಿಲ್ಲಿಸುತ್ತಿದ್ದ. ಅಣ್ಣ ಪೂರ್ತಿ ಕಟ್ಟಿದರೂ, ಕಟ್ಟುವ ಮೊದಲಿನ ಬಾಕಿಯೇ ವರದಿಗೆ ಹೋಗುತ್ತಿತ್ತು. ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬಯಲಾಯಿತು.

“ನೋಡಣ್ಣ, ನಂದಂತೂ ಕ್ಲೀನ್ ಐತಿ” ಎಂದ ತಮ್ಮ.

ಇಂಥ ತಮ್ಮ ನಿಮ್ಮ ಮನೆಯಲ್ಲೂ ಇದ್ದರೆ, ಆಡ್-ಆನ್ ಕಾರ್ಡಿಗೆ ಬೇರೆ ಮಿತಿ ಹಾಕಿಸಿ. ಹಲವು ಬ್ಯಾಂಕುಗಳು ಹಾಕಿಕೊಡುತ್ತವೆ. ಅವನಿಗೆ ಸ್ವಂತ ಸಿಬಿಲ್ ಬೇಕೇ ಬೇಕೆಂದರೆ ಎಫ್‌.ಡಿ. ಇಟ್ಟು ಅದರ ಮೇಲೆ ಕಾರ್ಡು ಪಡೆಯಬಹುದು. ಎಫ್‌.ಡಿ.ಯ ದುಡ್ಡು ಅವನದೇ ಎಂಬುದನ್ನು ಮಾತ್ರ ಮೊದಲು ಖಾತ್ರಿ ಮಾಡಿಕೊಳ್ಳಿ.