ಸೃಷ್ಟಿಗಿಂತ ಹಿರಿಯ ಕಲ್ಲು

ಸವಣೂರಿನ ದೊಡ್ಡಹುಣಸೆ ಮಠದ ಅಂಗಳ. ಆನೆಗಾತ್ರದ ಕಾಂಡದ ದೊಡ್ಡಹುಣಸೆ ಮರ. ಅದರ ನೆರಳಲ್ಲಿ ನಿವೃತ್ತ ಮಾಸ್ತರರೊಬ್ಬರು ಮೊಬೈಲ್ ಮುಂದೆ ಹಿಡಿದರು.

'ನೋಡ್ರಿ, ಭೂಮಿ ವಯಸ್ಸು ನಮ್ಮವರಿಗೆ ಯಾವತ್ತೋ ಗೊತ್ತಿತ್ತು. 432 ಕೋಟಿ ವರ್ಷ. ವಿಜ್ಞಾನಿಗಳು ಈಗ ಕಣ್ಣು ಬಿಟ್ಟಾರ.'

ವಿಜ್ಞಾನಿಗಳು ಹೇಳುವುದು 454 ಕೋಟಿ. ಇಪ್ಪತ್ತೆರಡು ಕೋಟಿ ವರ್ಷ ಮಾಸ್ತರರಿಗೆ ಚಿಲ್ಲರೆ. ಇರಲಿ. ಆದರೆ 432 ಕೋಟಿ ಭೂಮಿಯ ವಯಸ್ಸೇ ಅಲ್ಲ. ಅದು ಬ್ರಹ್ಮನ ಒಂದು ಹಗಲು, ಒಂದು ಕಲ್ಪ. ಈಗಿನ ಶ್ವೇತವರಾಹ ಕಲ್ಪದಲ್ಲಿ ಕಳೆದದ್ದು ಸುಮಾರು 197 ಕೋಟಿ ವರ್ಷ. ಮಧ್ಯಾಹ್ನವೂ ಆಗಿಲ್ಲ. ಮಾಸ್ತರರು ಬರದ ಪಗಾರವನ್ನೂ ಎಣಿಸಿಬಿಟ್ಟಿದ್ದಾರೆ.

ಈಗ ಕಾಲ ಕೆಳಗೆ ನೋಡಿ. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಹೆಚ್ಚಾಗಿ ಇರುವುದು ಧಾರವಾಡ ಶಿಲಾವರ್ಗ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು. ಭೂವಿಜ್ಞಾನಿಗಳಿಗೆ ಧಾರವಾಡವೆಂದರೆ ಕಲ್ಲು, ನಮಗೆ ಪೇಡೆ. ಈ ಕಲ್ಲಿಗೆ 250 ಕೋಟಿ ವರ್ಷ ದಾಟಿದೆ. ಅಂದರೆ ಹೊಲದ ಬದುವಿನ ಕಲ್ಲು ಈ ಕಲ್ಪದ ಸೃಷ್ಟಿಗಿಂತ ಐವತ್ತು ಕೋಟಿ ವರ್ಷ ಹಿರಿಯದು! ವರಾಹಸ್ವಾಮಿ ಭೂಮಿ ಎತ್ತುವ ಮೊದಲೇ ಹಿರೇಕೆರೂರು ಎದ್ದು ಕೂತಿತ್ತು.

ಹೇಳಿದೆ. 'ಕಲ್ಲು ಹುಟ್ಟಿದ್ದನ್ನ ಯಾರು ನೋಡ್ಯಾರ್ರೀ?' ಎಂದರು. ಕಲ್ಪ ಹುಟ್ಟಿದ್ದನ್ನು ಇವರು ನೋಡಿರಬೇಕು.

ಕ್ರಿ.ಪೂ. 4004ರಲ್ಲಿ ಜಗತ್ತು ಹುಟ್ಟಿತೆಂದು ಲೆಕ್ಕ ಹಾಕಿದ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್‌ನ ಕಥೆ ತೆಗೆಯಿರಿ, ಇದೇ ಮಾಸ್ತರರು ಹೊಟ್ಟೆ ಹಿಡಿದು ನಗುತ್ತಾರೆ. ಅವರದು ಮೂಢನಂಬಿಕೆ. ನಮ್ಮದು ಪ್ರಾಚೀನ ವಿಜ್ಞಾನ.

ಮಾತು ತಲೆ ಮೇಲಿನ ಮರಕ್ಕೆ ಬಂತು. ಮೂಲ ಆಫ್ರಿಕಾದ್ದು. ಕೃಷ್ಣ ಬೀಜ ತಂದನೆಂಬ ಕಥೆ ಚೆಂದ, ಕಥೆಯಾಗಿರುವ ತನಕ. ಮಾಸ್ತರರಿಗೆ ಅಷ್ಟು ಸಾಲದು. 'ಆಫ್ರಿಕಾ, ಭಾರತ ಆಗ ಕೂಡೇ ಇದ್ದವ್ರಿ. ಕೃಷ್ಣ ನಡಕೊಂಡ ಹೋಗಿ ತಂದ. ಪ್ಲೇಟ್ ಟೆಕ್ಟಾನಿಕ್ಸ್!'

ಆ ನೆಲಗಳು ಬೇರೆಯಾಗಿ 15 ಕೋಟಿ ವರ್ಷ ಮೀರಿದೆ. ಮನುಷ್ಯ ಬಂದು ಮೂರು ಲಕ್ಷ. ಇವರ ಪಂಚಾಂಗದಲ್ಲೇ ದ್ವಾಪರ ಮುಗಿದು ಐದು ಸಾವಿರ ಚಿಲ್ಲರೆ. ಐದು ನಿಮಿಷದ ಹಿಂದೆ ಸುಳ್ಳಾಗಿದ್ದ ವಿಜ್ಞಾನ ಈಗ ಇವರ ಪರ ಸಾಕ್ಷಿ ಹೇಳಬೇಕು!

ಮಾಸ್ತರರನ್ನಷ್ಟೇ ಬೈದು ಏನು ಬಂತು? 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಪುಸ್ತಕ ಜೀವವಿಕಾಸದ ಭಾಗವನ್ನೇ ಬಿಟ್ಟು ಬಂತು. ಮಕ್ಕಳಿಗೆ ಹೊರೆ ಕಡಿಮೆ ಮಾಡಿದರಂತೆ. ಆ ಜಾಗಕ್ಕೆ ಫಾರ್ವರ್ಡ್‌ಗಳು ಪುಕ್ಕಟೆ ಬರುತ್ತವೆ.

ಹೊರಟಾಗ ಮಾಸ್ತರರು ಪಕ್ಕಕ್ಕೆ ಕರೆದರು. ದನಿ ಇಳಿದಿತ್ತು.

'ಶಿಗ್ಗಾಂವಿ ಹೊಲದಾಗ ಬೋರ್ ಹಾಕಸ್ಬೇಕ್ರಿ. ಜಿಯಾಲಜಿಸ್ಟ್ ಯಾರಾರ ಪರಿಚಯ ಅದಾರೇನು? ಹೋದ ಸಲ ತೆಂಗಿನಕಾಯಿ ಹಿಡಿದವನ ಮಾತು ಕೇಳಿ ಏಳ್ನೂರು ಅಡಿ ಹೊಡಿಸಿದೆ. ಬರೀ ಕಲ್ಲ ಬಂತು.'

ಬರದೇ ಏನು? 250 ಕೋಟಿ ವರ್ಷದಿಂದ ಅಲ್ಲೇ ಕೂತಿದೆ.